ಟ್ಯಾಂಕಿನ ಬಾಯಿಂದ ಬರುವ ಕೀರ್ತನೆ

೧.
ಎಲ್ಲಿಂದ ಶುರು ಮಾಡಲಿ? ಟ್ಯಾಂಕಿನ ಬಾಯಿಂದಲೋ, ಅಮ್ಮನ ಬಾಯಿಂದಲೋ?

(ಮೊದಲ ಡ್ರಾಫ್ಟಿನಲ್ಲಿ "ಸೂರ್ಯ ಹೊಂಬಣ್ಣ ಚೆಲ್ಲಿದ್ದ" ಅಂತ ಬರೆದು ಹರಿದು ಹಾಕಿದೆ. ಬಣ್ಣದ ಫ್ಯಾಕ್ಟರಿಯ ಕೆಸರಿಗೆ ಇಳಿಯುವವನಿಗೆ ಹೊಂಬಣ್ಣ ಕಟ್ಟಿಕೊಂಡು ಏನಾಗಬೇಕು?)

ಅಮ್ಮನಿಂದಲೇ ಆಗಲಿ. ಅವಳಿಗೆ ಬಾಯಿಪಾಠ ಇರುವುದು ಬೈಬಲಿನ ಒಂದೇ ಕೀರ್ತನೆ, ದೇವರು ಕುರುಬನಾಗಿ ಕೋಲು ಹಿಡಿದು ತನ್ನ ಕುರಿಯನ್ನು ಕತ್ತಲ ಕಣಿವೆ ದಾಟಿಸುವುದು. ಜ್ವರ ಬಂದರೂ ಅದೇ, ಕರೆಂಟು ಹೋದರೂ ಅದೇ. ಅವಳ ಇಬ್ಬರು ಗಂಡುಮಕ್ಕಳಿಗೂ ಅದು ಹಾಲಿನ ಜೊತೆಗೇ ಹೊಟ್ಟೆಗಿಳಿದಿತ್ತು.

೨.
ಈಗ ಆ ಮಕ್ಕಳ ಕೆಲಸ ಫ್ಯಾಕ್ಟರಿಗಳ ನೆಲದಡಿಯ ಟ್ಯಾಂಕು ತೊಳೆಯುವುದು. ತಮ್ಮ ಸಣಕಲ, ಇಳಿಯುತ್ತಾನೆ. ಅಣ್ಣ ಮೇಲೆ ಹಗ್ಗ ಹಿಡಿಯುತ್ತಾನೆ. ಒಳಗಿನ ವಿಷಗಾಳಿ ಕಣ್ಣಿಗೆ ಕಾಣುವುದಿಲ್ಲ. ಅದಕ್ಕೆ ಇವರದೊಂದು ಕಟ್ಟಳೆ: ಕೆಳಗಿರುವವನು ಕೀರ್ತನೆಯನ್ನು ಜೋರಾಗಿ ಹೇಳುತ್ತಲೇ ಇರಬೇಕು. ಮುಗಿದರೆ ಮತ್ತೆ ಮೊದಲಿಂದ. ದನಿ ನಿಂತರೆ ಮೇಲಿನವನು ಎಳೆಯಬೇಕು.

"ಮಾಸ್ಕು ಆರ್ಡರ್ ಮಾಡಿದೀನಪ್ಪ, ದಾರೀಲಿದೆ" ಎಂದ ಕಂಟ್ರಾಕ್ಟರ್.

"ಹೋದ ವರ್ಷದಿಂದ ದಾರೀಲೇ ಇದೆ. ನಡ್ಕೊಂಡು ಬರ್ತಿದೆಯಾ ಸಾರ್?" ಸೊಂಟಕ್ಕೆ ಹಗ್ಗ ಬಿಗಿಯುತ್ತಾ ಕೇಳಿದ ತಮ್ಮ.

"ಬಾಯಿ ಜಾಸ್ತಿ ಆಯ್ತು ನಿಂದು."

"ಬಾಯಿ ಇರೋದಕ್ಕೇ ಬದುಕಿದೀನಿ ಸಾರ್."

(ಎರಡನೇ ಡ್ರಾಫ್ಟಿನಲ್ಲಿ ಈ ಕಂಟ್ರಾಕ್ಟರನನ್ನು ನಾನೇ ಟ್ಯಾಂಕಿಗೆ ತಳ್ಳಿದ್ದೆ. ಬಹಳ ಖುಷಿಯಾಯಿತು. ಆದರೆ ಅವನು ಎರಡೇ ಸಾಲಿಗೆ ಸತ್ತ, ಕತೆಯೂ ಸತ್ತಿತು.)

೩.
ಬೆಳಿಗ್ಗೆ ಹನ್ನೊಂದಕ್ಕೆ ತಮ್ಮ ಇಳಿದ. ದನಿ ಮೇಲೆ ಬಂತು. ಅಣ್ಣನಿಗೆ ಅಂದು ಯಾಕೋ ಭಯ. ಹಗ್ಗವನ್ನು ಅಂಗೈಗೆ ಎರಡು ಸುತ್ತು ಸುತ್ತಿಕೊಂಡ. ಭಯಕ್ಕೆ ಅವನಿಗೆ ಗೊತ್ತಿದ್ದ ಮದ್ದು ಒಂದೇ. ತಮ್ಮನ ಜೊತೆ ತಾನೂ ಹೇಳತೊಡಗಿದ. ಹೇಳುತ್ತ ಹೇಳುತ್ತ ಜೀವ ಹಗುರಾಯಿತು, ಕಣ್ಣು ಮುಚ್ಚಿತು. ಕೀರ್ತನೆಯ ಹಸಿರು ಬಂತು, ತಿಳಿನೀರು ಬಂತು, ಅಮ್ಮನ ಮಡಿಲ ಬಿಸುಪು ಬಂತು. ಟ್ಯಾಂಕಿನ ಗೋಡೆ ಅವನ ದನಿಯನ್ನೇ ಅವನಿಗೆ ವಾಪಸು ಕೊಡುತ್ತಿತ್ತು.

ಕತ್ತಲ ಕಣಿವೆಯ ಸಾಲಿಗೆ ಬಂದಾಗ ಉಸಿರು ತೆಗೆದುಕೊಳ್ಳಲು ನಿಲ್ಲಿಸಿದ.

ಕೆಳಗಿನಿಂದ ಏನೂ ಇಲ್ಲ.

ಎಷ್ಟು ಹೊತ್ತಿನಿಂದ ತಾನೊಬ್ಬನೇ ಹೇಳುತ್ತಿದ್ದ?

೪.
"ಲೋ ಕತೆಗಾರ, ನನ್ನ ಕೈಲಿ ಯಾಕೋ ಇದನ್ನ ಮಾಡಿಸ್ದೆ?" ಅಣ್ಣ ನನ್ನ ಮೇಲೇ ತಿರುಗಿಬಿದ್ದ.

"ನಾನೆಲ್ಲಿ ಮಾಡಿಸ್ದೆ ಅಣ್ಣಾ? ನಿನಗೆ ಭಯ ಆಯ್ತು."

"ಅಮ್ಮಂಗೆ ಏನಂತ ಹೇಳ್ಲಿ? ಕೀರ್ತನೆ ಹೇಳ್ತಾ ಹೇಳ್ತಾ ಕೊಂದೆ ಅಂತಲಾ?"

"ಕೂಗಾಡಬೇಡ. ಅದೇ ಕೀರ್ತನೆ ಈಗ ಏನು ಹೇಳ್ತಿದೆ, ಕೇಳು."

ಅವನು ಬಾಯಿ ಮುಚ್ಚಿದ. ಕತ್ತಲ ಕಣಿವೆಯ ಆ ಸಾಲು ಮೊದಲ ಸಲ ಎದೆಯೊಳಗಿಂದ ಕೇಳಿತು. ಕುರುಬ ಕಣಿವೆಯಲ್ಲಿ ಹಾಡುತ್ತ ಕೂರಲಿಲ್ಲವಲ್ಲ, ಅವನ ಕೈಯಲ್ಲಿ ಕೋಲಿತ್ತು. ತನ್ನ ಕೈಯಲ್ಲಿ ಹಗ್ಗವಿದೆ.

ಎಳೆದ.

೫.
ಅಂತ್ಯ ಒಂದು: ತಮ್ಮ ಮೇಲೆ ಬಂದು, ಕೆಮ್ಮಿ, "ಯಾವ ಸಾಲಲ್ಲಿದ್ದೆ ನಾನು?" ಅನ್ನುತ್ತಾನೆ.

ಅಂತ್ಯ ಎರಡು: ಬರೆಯಲಾರೆ. ಅಮ್ಮ ಓದಬಹುದು.

ಮೂರನೆಯದನ್ನು ಕಂಟ್ರಾಕ್ಟರ್ ಆಗಲೇ ಬರೆದಿಟ್ಟಿದ್ದಾನೆ: "ಅವನು ಇವತ್ತು ಕೆಲಸಕ್ಕೇ ಬಂದಿರಲಿಲ್ಲ."

ನಾನು ಯಾವುದನ್ನೂ ಆರಿಸುವುದಿಲ್ಲ. ಹಗ್ಗ ಇನ್ನೂ ಮೇಲೆ ಬರುತ್ತಿದೆ, ಹೆಣಭಾರ. (ಥೂ, ಆ ಪದ ಹೊಡೆದು ಹಾಕಿ. ಭಾರ, ಅಷ್ಟೇ.) ಭಯಕ್ಕೆ ನಾನೂ ಇಷ್ಟು ಹೊತ್ತಿನಿಂದ ಬಡಬಡಿಸುತ್ತಲೇ ಇದ್ದೇನೆ. ಕೆಳಗಿನಿಂದ ದನಿ ಬಂದಿದ್ದರೂ ನಿಮಗೆ ಕೇಳುವುದು ಹೇಗೆ?

ನಿಲ್ಲಿಸಿದೆ. ನೀವೂ ಸುಮ್ಮನಿರಿ. ಟ್ಯಾಂಕಿನ ಬಾಯಿಗೆ ಕಿವಿ ಕೊಡಿ.