ಹೊಸ್ತಿಲಿನ ನೀರು

ಹೊಳೆಯ ದಂಡೆಯಲ್ಲಿ ಒಂದು ಊರಿತ್ತು. ಅಲ್ಲಿ ಮನುಷ್ಯರ ಜೊತೆ ಮಾತುಗಳೂ ಮೈ ತಳೆದು ಓಡಾಡುತ್ತಿದ್ದವು. ಬೇಕಾದವರು ಬೇಕಾದ ಮಾತನ್ನು ಕೂಗಿ ಕರೆದು ಕೆಲಸಕ್ಕೆ ಹಚ್ಚುತ್ತಿದ್ದರು. ಕೆಲಸ ಮುಗಿದ ಮೇಲೆ ಅವು ಎಲ್ಲಿ ಮಲಗಿದವು, ಏನು ತಿಂದವು ಎಂದು ಯಾರೂ ವಿಚಾರಿಸುತ್ತಿರಲಿಲ್ಲ.

ಆ ಊರಿನಲ್ಲಿ ತಪ್ಪಾಯಿತು ಎಂಬ ಮುದುಕಿ ಇದ್ದಳು. ಅವಳ ಮೊಣಕಾಲು ಸರಿಯಿರಲಿಲ್ಲ, ಒಬ್ಬಳೇ ನಡೆಯಲಾರಳು. ತಪ್ಪು ಮಾಡಿದವನೇ ಅವಳ ಕೈ ಹಿಡಿದು ನೊಂದವರ ಮನೆಯವರೆಗೆ ಮೆಲ್ಲಗೆ ನಡೆಸಿಕೊಂಡು ಹೋಗಬೇಕಿತ್ತು. ಹೋಗಿ, ಹೊಸ್ತಿಲಾಚೆ ನೆಲದ ಮೇಲೆ ಕೂರಬೇಕಿತ್ತು. ಒಳಗಿನವರಿಗೆ ಮನಸ್ಸು ಬಂದಾಗ ಒಂದು ಚೊಂಬು ನೀರು ತಂದುಕೊಡುವರು. ಅದನ್ನು ಕುಡಿದರೆ ಅಲ್ಲಿಗೆ ಮುಗಿಯಿತು. ಮನಸ್ಸು ಬರುವುದಕ್ಕೆ ಕೆಲವರಿಗೆ ಒಂದು ಗಳಿಗೆ ಸಾಕಾಗುತ್ತಿತ್ತು, ಕೆಲವರಿಗೆ ಇಡೀ ಮಳೆಗಾಲ ಬೇಕಾಗುತ್ತಿತ್ತು. ಬೀದಿಯವರೆಲ್ಲ ನೋಡುತ್ತಿದ್ದರು. ಊರಿನ ದೊಡ್ಡವರಿಗೆ ಈ ಪದ್ಧತಿ ಹಿಡಿಸುತ್ತಿರಲಿಲ್ಲ. ನೆಲದ ಮೇಲೆ ಕೂರುವುದು ತಪ್ಪಲಿ ಎಂದೇ ಅಲ್ಲವೇ ಅವರು ಅಷ್ಟು ಕಷ್ಟಪಟ್ಟು ದೊಡ್ಡವರಾಗಿದ್ದು.

ಹೀಗಿರುವಾಗ ಕಡಲಾಚೆಯಿಂದ ಒಬ್ಬ ತರುಣ ಬಂದ. ಹೆಸರು ಸಾರಿ. ಅವನ ದೇಶವನ್ನು ಕಂಡವರು ಹೇಳುವ ಪ್ರಕಾರ ಅವನು ಗಾಯದ ಮಗ. ಅಲ್ಲಿ ಹಸಿ ಹುಣ್ಣಿಗೆ ಒಂದು ಮಾತಿದೆ, ಆ ಮಾತಿನ ಹೊಟ್ಟೆಯಲ್ಲಿ ಇವನು ಹುಟ್ಟಿದ. ದುಃಖ ಎಂಬ ಅರ್ಥದ ಇನ್ನೊಂದು ಮಾತು ಇವನ ಅಣ್ಣನೆಂದು ಅಲ್ಲಿಯವರೇ ತಿಳಿದಿದ್ದಾರಂತೆ, ಮುಖ ಅಷ್ಟು ಹೋಲುತ್ತದೆ. ಆದರೆ ಇಬ್ಬರ ಮನೆಗಳೂ ಬೇರೆ. ಮೊದಮೊದಲು ಮೈಯಲ್ಲೋ ಮನಸ್ಸಲ್ಲೋ ನೋವಿದ್ದವರ ಬಾಯಿಗೆ ಮಾತ್ರ ಇವನು ಬರುತ್ತಿದ್ದ. ಆಮೇಲೆ ಬಡಕಲು ಕುದುರೆಗೂ ಮುರುಕು ಗಾಡಿಗೂ ಇವನ ಹೆಸರನ್ನೇ ಅಂಟಿಸಿದರು.

ಇಳಿದ ದಿನ ಅವನಿಗೆ ಜಗಲಿಯಲ್ಲಿ ಜಾಗ ಕೊಟ್ಟವಳು ತಪ್ಪಾಯಿತು ಮುದುಕಿ. ಅಂಗಿ ಸರಿದಾಗ ಅವನ ಪಕ್ಕೆಯ ಗಾಯ ಕಂಡಿತು.

"ಇದೇನಪ್ಪ, ಇನ್ನೂ ಹಸಿಯಾಗೈತೆ. ನೋಯ್ತದಾ?"

"ಸಾರಿ," ಎಂದ ಅವನು. ಅವನಿಗೆ ತನ್ನ ಹೆಸರಿನ ಹೊರತು ಬೇರೇನೂ ಆಡಲು ಬರುತ್ತಿರಲಿಲ್ಲ.

"ಆಯ್ತು, ಸುಮ್ನೆ ಕೂತ್ಕೊ," ಎಂದು ಮುದುಕಿ ಅರಿಶಿನ ಹಚ್ಚಿದಳು.

ಊರವರಿಗೆ ಅವನು ಬಲು ಬೇಗ ಹಿಡಿಸಿದ. ಅವನು ಒಬ್ಬನೇ ನಡೆಯಬಲ್ಲ, ಓಡಬಲ್ಲ, ಕಳಿಸಿದಲ್ಲಿಗೆ ಹೋಗಬಲ್ಲ. ಸಂತೆಯಲ್ಲಿ ಕಾಲು ತುಳಿದರೆ ಸಾರಿ. ಹೇಳಿದ್ದು ಕೇಳಿಸದಿದ್ದರೆ ಸಾರಿ. ಭಿಕ್ಷುಕನಿಗೆ ಮುಂದೆ ಹೋಗು ಎನ್ನಲು, ಕೆಲಸ ಕೇಳಿ ಬಂದವನನ್ನು ಬಾಗಿಲಲ್ಲೇ ತಿರುಗಿಸಲು, ಜಗಳಕ್ಕೆ ಮುಂಚೆ ಅಂಗಿಯ ತೋಳು ಮಡಚುವಾಗ, ಸಾವಿನ ಮನೆಯಲ್ಲಿ ಏನು ಆಡಬೇಕೋ ತೋಚದಾಗ, ಎಲ್ಲದಕ್ಕೂ ಅವನೇ. ಓಡಿ ಓಡಿ ಅವನ ಪಕ್ಕೆಯ ಗಾಯ ಒಣಗಿತು. ಆಳು ಗಟ್ಟಿಯಾದ ಎಂದು ಜನ ಖುಷಿಪಟ್ಟರು. ಮುದುಕಿ ಮಾತ್ರ ಅದನ್ನು ಮುಟ್ಟಿ ನೋಡಿ ಒಳಗೆ ಹೋದಳು. ಈಗ ಅವಳ ಕೈ ಹಿಡಿಯುವವರು ಯಾರೂ ಉಳಿದಿರಲಿಲ್ಲ.

ಆ ವರ್ಷ ಹೊಳೆ ತುಂಬಿತು. ಕಡವಿನ ದೋಣಿ ಸಾಹುಕಾರ ಗುರುಶಾಂತಪ್ಪನದು. ತಳದ ಹಲಗೆ ಬಿರುಕು ಬಿಟ್ಟಿದೆ ಎಂದು ಅಂಬಿಗ ಮೊದಲೇ ಹೇಳಿದ್ದ. "ತೆಂಗಿನ ನಾರು ತುರುಕಿ ಡಾಂಬರು ಬಳಿ. ಹೊಳೆ ಇಳಿಯೋ ತನಕ ನಡೀಲಿ," ಎಂದಿದ್ದ ಸಾಹುಕಾರ. ಅದು ನಡುಹೊಳೆಯವರೆಗೂ ನಡೆಯಲಿಲ್ಲ, ಹಲಗೆ ಬಾಯಿಬಿಟ್ಟಿತು. ಆಚೆ ದಡಕ್ಕೆ ಹೂವು ಮಾರಲು ಹೊರಟಿದ್ದ ಚೆಲುವಿ ಹೊಳೆ ಪಾಲಾದಳು. ಹೊಂಬಾಳಮ್ಮನಿಗೆ ಇದ್ದದ್ದು ಅವಳೊಬ್ಬಳೇ ಮಗಳು.

ಹೊಂಬಾಳಮ್ಮ ಊರಿನ ಯಾರ ಬಳಿಯೂ ಏನನ್ನೂ ಕೇಳಲಿಲ್ಲ. ದಿನವೂ ಒಂದು ಚೊಂಬಿಗೆ ಹೊಸ ನೀರು ತುಂಬಿ ಬಾಗಿಲ ಹಿಂದೆ ಇಡುತ್ತಿದ್ದಳು. ಸಾಹುಕಾರ ಬಂದು ಕೂರಬೇಕು, ತಾನು ಅವನಿಗೆ ನೀರು ಕೊಡಬೇಕು. ಅಷ್ಟಾದರೆ ತನ್ನ ಎದೆಯ ಮೇಲಿನ ಕಲ್ಲು ಇಳಿದೀತು ಎಂದು ಅವಳು ನಂಬಿದ್ದಳು.

ಬಂದವನು ಸಾರಿ.

"ನಿನ್ನ ಕಳಿಸಿದೋರು ಎಲ್ಲಿ?"

"ಸಾರಿ."

"ಅವ್ರಿಗೆ ಕಾಲಿಲ್ವಾ?"

"ಸಾರಿ."

"ಹೋಗಪ್ಪ. ನಿಂದೇನೂ ತಪ್ಪಿಲ್ಲ. ಈ ನೀರು ನಿಂಗಲ್ಲ."

ಹಬ್ಬಕ್ಕೆ ಬೆಲ್ಲದ ಅಚ್ಚು ಹೊತ್ತು ಅವನೇ ಬಂದ. ಚೆಲುವಿಯ ತಿಥಿಗೂ ಅವನೇ ಬಂದ. ಸಾಹುಕಾರರು ಇಷ್ಟು ಸಲ ಹೇಳಿ ಕಳಿಸಿದರೂ ಹೆಂಗಸು ಹಟ ಬಿಡಲಿಲ್ಲ ಎಂದು ಊರು ಆಡಿಕೊಂಡಿತು. ಊರಿಗೆ ಯಾವಾಗಲೂ ಹಟ ಕಾಣುವುದು ಸೋತವರಲ್ಲೇ.

ವರ್ಷಗಳು ಕಳೆದವು. ಹೊಂಬಾಳಮ್ಮನ ಕಣ್ಣಿಗೆ ಪೊರೆ ಬಂತು. ಗುರುಶಾಂತಪ್ಪನಿಗೆ ಮೊಮ್ಮಗಳು ಹುಟ್ಟಿ, ನಡೆದು, ಒಂದು ದಿನ ಮಧ್ಯಾಹ್ನ ಕಡವಿಗೆ ಓಡಿ ತೇಪೆ ಹಾಕಿ ಇನ್ನೂ ಓಡಿಸುತ್ತಿದ್ದ ಅದೇ ದೋಣಿಗೆ ಕಾಲಿಟ್ಟಳು. "ಆ ದೋಣಿ ಹತ್ತಬೇಡ," ಎಂದು ಸಾಹುಕಾರ ಚೀರಿದ. ಚೀರಿದ ಮೇಲೆ ಅವನು ನಿಂತಲ್ಲೇ ನಿಂತುಬಿಟ್ಟ. ಈ ಮಾತನ್ನು ಚೆಲುವಿಗೂ ಹೇಳಬಹುದಿತ್ತು. ಆಗಲೂ ಅವನಿಗೆ ಎಲ್ಲ ಗೊತ್ತಿತ್ತು.

ಅವನು ನೆಟ್ಟಗೆ ತಪ್ಪಾಯಿತು ಮುದುಕಿಯ ಜಗಲಿಗೆ ಹೋದ. ಮುದುಕಿ ಅಲ್ಲಿರಲಿಲ್ಲ. ಅವಳು ಸತ್ತು ಬಹಳ ಕಾಲವಾಯಿತು, ಹೆಣ ಹೊರಲೂ ಜನ ಸಿಕ್ಕಿರಲಿಲ್ಲ ಎಂದು ಪಕ್ಕದ ಮನೆಯವರು ಹೇಳಿದರು. ಅಲ್ಲಿ ಕೂತಿದ್ದವನು ಸಾರಿ ಒಬ್ಬನೇ. ಸಾಹುಕಾರ ಮೊದಲ ಸಲ ಅವನ ಕೈ ಹಿಡಿದುಕೊಂಡ. ಹಿಡಿದ ಕೂಡಲೇ ಸಾರಿಯ ಪಕ್ಕೆಯ ಒಣಗಿದ ಗಾಯ ಬಿರಿದು ರಕ್ತ ಜಿನುಗಿತು. ಇಬ್ಬರೂ ಒಂದೊಂದೇ ಹೆಜ್ಜೆ ಇಡುತ್ತ ಬೀದಿಯುದ್ದಕ್ಕೂ ನಡೆದರು.

ಸಾಹುಕಾರ ಹೊಸ್ತಿಲಾಚೆ ನೆಲದ ಮೇಲೆ ಕೂತ. ಇಂಥ ಮಾತನ್ನು ತಾನೇ ಆಡಿ ಅವನಿಗೆ ರೂಢಿಯಿರಲಿಲ್ಲ. ಅವನ ಪರವಾಗಿ ಸಾರಿಯೇ ನುಡಿಯಬೇಕಾಯಿತು.

"ಸಾರಿ."

ಹೊಂಬಾಳಮ್ಮ ಗೋಡೆ ಹಿಡಿದು ಬಾಗಿಲಿಗೆ ಬಂದಳು. ಅವಳಿಗೆ ಕಂಡದ್ದು ಬರೀ ಬೆಳಕು.

"ಮತ್ತೆ ನೀನೇನಾ?"

"ಸಾರಿ."

"ಎಷ್ಟು ದಿನ ಅಂತ ಅಲೀತೀಯಪ್ಪ ಪಾಪ. ಹೋಗು. ಸಾಹುಕಾರ್ರು ಬಂದ್ರೆ ಕೊಡ್ತೀನಿ ನೀರ."

ಬಾಗಿಲು ಮುಚ್ಚಿತು. ಸಾಹುಕಾರ ಬಾಗಿಲು ತಟ್ಟಲು ಕೈಯೆತ್ತಿ, ತಟ್ಟದೆ ಇಳಿಸಿದ. ಹೊಸ್ತಿಲಲ್ಲಿ ಕಾದು ಕೂರುವುದು ಹೇಗೆಂದು ಅವನಿಗೆ ಯಾರೂ ಕಲಿಸಿರಲಿಲ್ಲ. ಅವಳ ಕಣ್ಣಿನ ಪೊರೆಯ ಸುದ್ದಿ ಗೊತ್ತಿಲ್ಲದ ಅವನು, ತನ್ನನ್ನು ಕಂಡೂ ಕಾಣದಂತೆ ಕಳಿಸಿದಳು, ತನಗೆ ಕ್ಷಮೆ ಇಲ್ಲ ಎಂದುಕೊಂಡು, ಸ್ವಲ್ಪ ಹೊತ್ತಿಗೆ ಎದ್ದು, ಬಂದ ದಾರಿಯಲ್ಲೇ ಹೋದ.

ಮರುದಿನ ಬೆಳಿಗ್ಗೆ ಹೊಸ್ತಿಲು ಒರೆಸುತ್ತಿದ್ದ ಹೊಂಬಾಳಮ್ಮನ ಕೈಗೆ ಕಲ್ಲಿನ ಮೇಲೆ ಏನೋ ಅಂಟಂಟಾಗಿ ಸಿಕ್ಕಿತು. ಏನದು ಎಂದು ಎದುರು ಮನೆಯವಳನ್ನು ಕೇಳಿದಳು.

"ಕೆಂಪಗೈತೆ ಕಣಮ್ಮ. ಯಾರೋ ಎಲೆಯಡಿಕೆ ಉಗುಳಿರ್ಬೇಕು."

ಹೊಂಬಾಳಮ್ಮ ಒಳಗೆ ಕೈಚಾಚಿದಳು. ಹತ್ತಿರವಿದ್ದದ್ದು ಬಾಗಿಲ ಹಿಂದಿನ ಚೊಂಬು. ಅದರ ನೀರನ್ನು ಪೂರ್ತಿ ಸುರಿದು, ಕಲೆ ಹೋಗುವ ತನಕ ಉಜ್ಜಿ ಉಜ್ಜಿ ತೊಳೆದಳು. ಆಮೇಲೆ ತಡವರಿಸಿಕೊಂಡು ಬಾವಿಗೆ ಹೋಗಿ ಹೊಸ ನೀರು ತುಂಬಿ ತಂದು ಮತ್ತೆ ಅಲ್ಲೇ ಇಟ್ಟಳು, ಇವತ್ತಾದರೂ ಸಾಹುಕಾರ ಬಂದಾನು ಎಂದು.