ಬೋಟ್ ಬಂದ್ ಇದ್ದಾಗ ಕಲಿತ ಅರಬ್ಬಿ

ಜುಲೈ ೨೪, ಗುರುವಾರ, ಬೆಳಿಗ್ಗೆ ಹತ್ತೂವರೆ. ಅಂಕೋಲಾ ತಾಲೂಕಿನ ಹಾರವಾಡದ ಮಂಗೇಶ ಅರಬ್ಬಿ ಭಾಷೆಯ ಮೌಖಿಕ ಪರೀಕ್ಷೆಗೆಂದು ಮನೆಯಲ್ಲಿ ಮೊಬೈಲ್ ಮುಂದೆ ಕುಳಿತ.

ಅವನಿಗೆ ವಯಸ್ಸು ನಲವತ್ತಾರು. ಒಮಾನಿನ ಮೀನುಗಾರಿಕೆ ಬೋಟುಗಳಲ್ಲಿ ಒಂಬತ್ತು ವರ್ಷ ಖಲಾಸಿಯಾಗಿ ದುಡಿದು ಬಂದು, ಈಗ ಕಾರವಾರದ ಬೋಟಿನಲ್ಲಿ ಮೀನಿಗೆ ಹೋಗುವವನು. ಹಳೆಯ ಕಂಪನಿ ಈಗ ಅವನನ್ನು ಮೇಲ್ವಿಚಾರಕನಾಗಿ ಬಾ ಎಂದಿತ್ತು. ಆದರೆ ಅರಬ್ಬಿ ಮಾತಾಡಬಲ್ಲ ಎಂಬುದಕ್ಕೆ ಪ್ರಮಾಣಪತ್ರ ಬೇಕು. ಇಲ್ಲವಾದರೆ ಮತ್ತೆ ಖಲಾಸಿಯೇ. ಮಳೆಗಾಲದ ನಿಷೇಧವೆಂದು ಜೂನ್ ಒಂದರಿಂದ ಎರಡು ತಿಂಗಳು ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಆನ್‌ಲೈನ್ ಕೋರ್ಸು ಎಂಟು ವಾರದ್ದು, ದಿನಕ್ಕೆ ನಾಲ್ಕು ಗಂಟೆ. ಸೇರಿಬಿಟ್ಟ.

ಬೋಟು ನಿಂತ ಕಾಲವೆಂದರೆ ಬಲೆ ರಿಪೇರಿಯ ಕಾಲವೂ ಹೌದು. ಕಾರವಾರದ ಬೈತಖೋಲ ಬಂದರಿನ ಶೆಡ್ಡಿನಲ್ಲಿ ಕುಳಿತು, ಕಿವಿಯಲ್ಲಿ ಪಾಠ, ಕೈಯಲ್ಲಿ ಬಲೆ, ಹಾಗೆಯೇ ಕಲಿತ.

“ಎಂತದೋ ಮಂಗೇಶ, ಬಂಗಡೆಗೆ ಅರಬ್ಬಿ ಹೇಳ್ಕೊಟ್ರೆ ತಾನಾಗೇ ಬಲೆಗೆ ಬತ್ತದ್ಯಾ?” ಎಂದು ಜೊತೆಗಾರ ಉಮೇಶ ಕೆಣಕಿದ್ದ.

“ಬತ್ತದೆ ಮಾರಾಯ. ನಿನ್ಹಂಗೆ ಪಾಠದ ನಡುವೆ ಬಾಯಿ ಹಾಕೂದಿಲ್ಲ ಅದು.”

ಪರೀಕ್ಷೆಯ ದಿನ ಮೊಬೈಲ್ ಪರದೆಯಲ್ಲಿದ್ದ ಪರೀಕ್ಷಕಿ ಕೇಳಿದ್ದು ಸುಲಭದ ವಿಷಯವೇ: ನಿಮ್ಮ ಕೆಲಸದ ಬಗ್ಗೆ ಹತ್ತು ನಿಮಿಷ ಮಾತಾಡಿ. ಚೀಟಿ, ಪುಸ್ತಕ ನೋಡುವಂತಿಲ್ಲ. ಎರಡು ವಾಕ್ಯಕ್ಕೇ ಮಂಗೇಶ ತಡವರಿಸಿದ. ಗೊತ್ತಿಲ್ಲದೆಯೇ ಕೈ, ರಿಪೇರಿಗೆಂದು ಮನೆಗೆ ತಂದು ಪಕ್ಕದಲ್ಲಿಟ್ಟಿದ್ದ ಬಲೆಯನ್ನು ಮಡಿಲಿಗೆ ಎಳೆದುಕೊಂಡಿತು. ಗಂಟು ಹಾಕುತ್ತಾ ಹೋದಂತೆ ಮಾತೂ ಬಂತು.

“ಕೆಳಗೆ ನೋಡಬೇಡಿ,” ಪರೀಕ್ಷಕಿ ಅರಬ್ಬಿಯಲ್ಲೇ ಹೇಳಿದರು.

ತಲೆ ಎತ್ತಿದ. ಮಾತು ನಿಂತಿತು. ಕಣ್ಣು ಮತ್ತೆ ಬಲೆಗೇ ಇಳಿಯಿತು.

“ನೀವು ಚೀಟಿ ನೋಡಿ ಓದುತ್ತಿದ್ದೀರಿ. ಇನ್ನೊಮ್ಮೆ ಹೀಗಾದರೆ ಪರೀಕ್ಷೆ ರದ್ದು.”

ಮಂಗೇಶನ ಕಿವಿ ಬಿಸಿಯಾಯಿತು. ಎಂಟು ವಾರದಲ್ಲಿ ಒಂದು ತರಗತಿಯನ್ನೂ ತಪ್ಪಿಸಿರಲಿಲ್ಲ. ಅವನು ಕ್ಷಮೆ ಕೇಳಲಿಲ್ಲ. ಮೊಬೈಲನ್ನು ಎತ್ತಿ ಮಡಿಲ ಕಡೆಗೆ ತಿರುಗಿಸಿದ. ನೀಲಿ ಬಲೆ, ಬಲೆ ಹೆಣೆಯುವ ಸೂಜಿ, ಅರ್ಧ ಮುಚ್ಚಿದ ತೂತು.

“ಇದು ನನ್ನ ಕೆಲಸ. ಇದರ ಬಗ್ಗೆಯೇ ಹೇಳುತ್ತೇನೆ,” ಎಂದ, ಅರಬ್ಬಿಯಲ್ಲಿ.

ಗಂಟು ಹೇಗೆ ಹಾಕುವುದು, ಬಲೆಯ ಕಣ್ಣಿನ ಅಳತೆಯನ್ನು ಬೆರಳಲ್ಲಿ ಹೇಗೆ ಹಿಡಿಯುವುದು, ಮೀನಿನ ಭಾರ ಬೀಳುವ ಕಡೆ ಜೋಡಿ ದಾರ ಏಕೆ, ಎಲ್ಲವನ್ನೂ ಹೇಳಿದ. ನಡುಗಡಲಲ್ಲಿ ಹರಿದರೆ ಏನು ಮಾಡುತ್ತೀರಿ ಎಂದು ಪರೀಕ್ಷಕಿ ಕೇಳಿದರು. ಅದಕ್ಕೂ ಉತ್ತರವಿತ್ತು. ಒಂಬತ್ತು ವರ್ಷ ಡೆಕ್ಕಿನ ಮೇಲೆ ಅಲ್ಲಿ ಇಲ್ಲಿ ಕೇಳಿದ್ದ ಬಿಡಿ ಮಾತುಗಳನ್ನು ಈ ಎರಡು ತಿಂಗಳಲ್ಲಿ ಪೂರ್ತಿ ವಾಕ್ಯ ಮಾಡಲು ಕಲಿತಿದ್ದ. ಮುಗಿಸಿದಾಗ ಹದಿನೇಳು ನಿಮಿಷವಾಗಿತ್ತು.

ಹೆಂಡತಿ ವೈಜಯಂತಿ ಬಾಗಿಲಲ್ಲೇ ಕಾದಿದ್ದಳು. “ಕಡೀಗೆ ಎಂತ ಹೇಳಿದ್ರು ಅವ್ರು?”

“ತಪ್ಪಾತು ಅಂದ್ರು.”

“ಅಯ್ಯೋ! ಎಷ್ಟು ತಪ್ಪಾತು ನಿಮ್ದು?”

“ನಂದಲ್ಲ ಮಾರಾಯ್ತಿ. ಸಂಶಯ ಪಟ್ಟಿದ್ದು ತಪ್ಪಾತು ಅಂದ್ರು. ಅವ್ರದ್ದು.”

ವೈಜಯಂತಿ ನೇರ ಪಕ್ಕದ ಮನೆಯ ಬೇಲಿಗೆ ಹೋದಳು. “ಕಾಶಿಯಕ್ಕಾ, ಕೇಳ್ದ್ಯೇ? ಅರಬ್ಬಿ ಟೀಚರೇ ಇವ್ರ ಹತ್ರ ತಪ್ಪಾತು ಅಂದ್ರಂತೆ!”

ಮಂಗೇಶ ಅವಳನ್ನು ತಡೆಯಲಿಲ್ಲ.

ಸೋಮವಾರ ಫಲಿತಾಂಶ ಬಂತು: ನೂರಕ್ಕೆ ಎಂಬತ್ತೊಂದು. ಆಗಸ್ಟ್ ೧೯ರಂದು ಅವನು ಗೋವಾದಿಂದ ಮಸ್ಕತ್ ವಿಮಾನ ಹತ್ತಿದ, ಮೇಲ್ವಿಚಾರಕನಾಗಿ.