ಬಹುದು, ಬೇಕು ಮತ್ತು ಸೂಗಮ್ಮ ಮೇಡಂ

ಸೂಗಮ್ಮ ಮೇಡಂಗೆ ಸಿಟ್ಟು ಬಂದರೆ ದನಿ ಏರುವುದಿಲ್ಲ, ಇಳಿಯುತ್ತದೆ. ಲಿಂಗಸುಗೂರಿನ ಪದವಿಪೂರ್ವ ಕಾಲೇಜಿನಲ್ಲಿ ಅವರ ಕೈಯಲ್ಲಿ ಇಂಗ್ಲಿಷ್ ಕಲಿತ ಯಾರನ್ನಾದರೂ ಕೇಳಿ ನೋಡಿ. ಕೂಗಾಡುವ ಮಾಸ್ತರರಿಗೆ ಸೊಪ್ಪು ಹಾಕದ ಹಿಂದಿನ ಬೆಂಚಿನವರು ಕೂಡ, ಆ ದನಿ ಪಿಸುಮಾತಿನ ಅಂಚಿಗಿಳಿದು, ಒಂದೊಂದೇ ಅಕ್ಷರ ಬಿಸಿಲಿಗೆ ಒಣಗಿದ ತೊಗರಿಕಾಯಿಯಂತೆ ಸಿಡಿಯತೊಡಗಿದ ಕೂಡಲೇ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಾರೆ.

ಮಸ್ಕಿಯಿಂದ ದಿನವೂ ಬಸ್ಸಿಗೆ ಬರುವ ಆಕೆಯ ನಡಿಗೆಯೇ ಒಂದು ತಕರಾರು. ತಲೆ ಮುಂದೆ, ಮೈ ಹಿಂದೆ, ಚಪ್ಪಲಿಯ ಹಿಮ್ಮಡಿ ನೆಲಕ್ಕೆ ಬಡಿಯುವ ಸದ್ದು; ಎದುರಿಗೆ ಬರುವವರು ತಾವೇ ಏನೋ ತಪ್ಪು ಮಾಡಿದ್ದೇವೆಂಬಂತೆ ಪಕ್ಕಕ್ಕೆ ಸರಿಯುತ್ತಾರೆ. ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ. ಕಾಲುವೆ ಸೀಮೆಯಲ್ಲಿ ಭತ್ತದ ನಾಟಿಗೆ ಹೋಗುವ ಹೆಂಗಸರು ತೊಡುವಂಥದ್ದೇ ಅದು, ಸೀಮೆಸುಣ್ಣದ ಪುಡಿಗೆ ಬೆಳ್ಳಗಾಗಿ, ಮೊಣಕೈ ಬಳಿ ಸವೆದದ್ದು. ಹೊಸದಾಗಿ ಬಂದ ಪ್ರಾಚಾರ್ಯರೊಬ್ಬರು ಒಮ್ಮೆ, "ಮೇಡಂ, ನಾಟಿ ಹಚ್ಚಾಕ ಹೊಂಟೋರಂಗ ಕಾಣ್ತೀರಿ" ಎಂದು ನಗೆಯಾಡಿದರು. ಸೂಗಮ್ಮ ನಗಲಿಲ್ಲ. "ನಮ್ಮವ್ವ ನಾಟಿ ಹಚ್ಚೇ ನನ್ನ ಎಂ.ಎ. ಓದಿಸ್ಯಾಳ್ರಿ. ಈ ಅಂಗಿ ಆಕೀದು" ಎಂದರು. ದನಿ ಆಗಲೇ ಇಳಿದಿತ್ತು. ಪ್ರಾಚಾರ್ಯರು ಆಮೇಲೆ ಯಾರ ಉಡುಪಿನ ವಿಷಯಕ್ಕೂ ಹೋಗಲಿಲ್ಲ.

ಅವರ ಸಿಟ್ಟೆಲ್ಲ ಗೈಡುಗಳ ಮೇಲೆ. ಕ್ಯಾನ್ ಎಂದರೆ ಬಹುದು, ಮೇ ಎಂದರೂ ಬಹುದು, ಮಸ್ಟ್ ಎಂದರೆ ಬೇಕು, ಕುಡ್ ಎಂಬುದು ಕ್ಯಾನಿನ ಭೂತಕಾಲ: ಇಷ್ಟನ್ನು ಉರುಹೊಡೆದು ಪಾಸಾಗುವ ಮಕ್ಕಳನ್ನು ಕಂಡರೆ ಅವರಿಗೆ ಮೈಯೆಲ್ಲ ಉರಿ. ಗೈಡನ್ನು ಕಿಟಕಿಯಾಚೆ ಎಸೆದು ಅವರು ಹೇಳುತ್ತಿದ್ದ ಪಾಠ ಆ ಊರಿನಲ್ಲಿ ಹೆಸರಾದದ್ದು.

"ನಮ್ಮವ್ವ 'ನೀ ಹೋಗಬಹುದು' ಅಂದ್ಲು ಅಂತ ತಿಳ್ಕೋರಿ. ಹೋಗು ಅಂತ ಅಪ್ಪಣೆನೋ, ಹೋಗೋ ತಾಕತ್ತು ಐತಿ ಅಂತನೋ, ಹೋದ್ರೂ ಹೋದಿ ಅಂತ ಸಂಶಯನೋ? ಮಾರಿ ನೋಡಿದ್ರ ನಮಗ ತಿಳೀತದ. ಇಂಗ್ಲೀಷ್ ಮಾತಾಡೋ ಸಾಹೇಬ್ರು ನಿಮ್ಮ ಮಾರಿ ನೋಡಂಗಿಲ್ಲ. ಶಬ್ದ ಅಷ್ಟ ನೋಡ್ತಾರ!"

ಕ್ರಿಯಾವಿಶೇಷಣಗಳ ಪಾಠವೆಂದರೆ ಇನ್ನೂ ಬಿಗಿ. ಯಾವ ವಾಕ್ಯ ತಂದು ತೋರಿಸಿದರೂ ಅವರ ಮೊದಲ ಪ್ರಶ್ನೆ, "ಎಲ್ಲಿ ಕುಂದ್ರಿಸಿದಿ?" ಕನ್ನಡದ 'ಮಾತ್ರ' ತನ್ನ ಪದದ ಬೆನ್ನಿಗೇ ಅಂಟಿಕೊಂಡಿರುತ್ತದೆ, ಇಂಗ್ಲಿಷಿನ 'ಓನ್ಲಿ' ಸಾಮಾನ್ಯವಾಗಿ ಕ್ರಿಯಾಪದದ ಮುಂದೆ ಹೋಗಿ ಕೂರುತ್ತದೆ, ಅರ್ಥ ಮಾತ್ರ ದೂರದ ಪದವೊಂದಕ್ಕೆ ಸೇರಿರುತ್ತದೆ. ಇದನ್ನು ಅವರು ಮಕ್ಕಳ ಬಾಯಲ್ಲಿ ನೂರು ಸಲ ಆಡಿಸುತ್ತಿದ್ದರು.

ಹೋದ ವರ್ಷ ಬೇಸಿಗೆಯ ಒಂದು ಮುಂಜಾನೆ, ಸೂಗಮ್ಮ ಬಸ್ಸಿಗೆಂದು ಮನೆ ಬೀಗ ಹಾಕುವ ಹೊತ್ತಿಗೆ, ಸಂತೆಕಲ್ಲೂರಿನ ಯಮನೂರಮ್ಮ ಮಗಳನ್ನು ಕರೆದುಕೊಂಡು ಕಟ್ಟೆಯ ಮೇಲೆ ಬಂದು ಕೂತಳು. ಮಗಳು ಜ್ಯೋತಿ ಸೂಗಮ್ಮನವರ ಹಳೆಯ ಶಿಷ್ಯೆ, ಕುರಿ ಕಾಯುವ ತಂದೆ ಆದಪ್ಪನ ಮನೆಯಿಂದ ಕಾಲೇಜು ಮೆಟ್ಟಿಲು ಹತ್ತಿದ ಮೊದಲನೆಯವಳು. ಸಿಂಧನೂರಿನ ಖಾಸಗಿ ಆಸ್ಪತ್ರೆಯೊಂದರ ನರ್ಸಿಂಗ್ ಕಾಲೇಜಿನಲ್ಲಿ ಕೊನೆಯ ವರ್ಷ ಓದುತ್ತಿದ್ದಳು.

"ಅಕ್ಕಾರ, ಇಕಿನ್ನ ಹೊರಗ ಹಾಕ್ಯಾರ್ರಿ. ಪೊಲೀಸ್ ಕೇಸ್ ಮಾಡ್ತೀವಿ ಅಂತಾರ" ಎಂದಳು ಯಮನೂರಮ್ಮ.

ನಡೆದದ್ದು ಇಷ್ಟು. ವಾರ್ಡಿನಲ್ಲಿದ್ದ ಬಂದೇಸಾಬ ಎಂಬ ಮುದುಕನಿಗೆ ಬೆಳಗಿನ ಇನ್ಸುಲಿನ್ ಎರಡು ಸಲ ಬಿದ್ದು, ಸಕ್ಕರೆ ಇಳಿದು, ಆತ ಪ್ರಜ್ಞೆ ತಪ್ಪಿದ್ದ. ಜೀವ ಉಳಿಯಿತು, ಆದರೆ ಮನೆಯವರು ಆಸ್ಪತ್ರೆಯ ಬಾಗಿಲಲ್ಲಿ ಗದ್ದಲ ಎಬ್ಬಿಸಿದರು. ವಿಚಾರಣೆಗೆ ಆ ವಾರ್ಡಿನಲ್ಲಿ ರಾತ್ರಿ ಪಾಳಿ ಮಾಡಿದ್ದ ಜ್ಯೋತಿಯನ್ನು ಕರೆಸಿದರು. ಕೋಣೆಯಲ್ಲಿ ಕೂತವರೆಲ್ಲ ಕನ್ನಡ ಬಲ್ಲವರು. ಪ್ರಶ್ನೆ ಮಾತ್ರ ಇಂಗ್ಲಿಷಿನಲ್ಲಿ.

"ಏನ್ ಕೇಳಿದ್ರು? ಅವರು ಹೆಂಗ ಅಂದ್ರೋ ಹಂಗ ಹೇಳು."

"ಕುಡ್ ಯೂ ಹ್ಯಾವ್ ಗಿವನ್ ಇಟ್ ಟ್ವೈಸ್ ಅಂದ್ರು ಮೇಡಂ."

"ನೀ ಏನಂದಿ?"

"ಯೆಸ್ ಸರ್, ಐ ಕುಡ್."

ಸೂಗಮ್ಮ ಬೀಗದ ಕೈಯನ್ನು ಚೀಲಕ್ಕೆ ಹಾಕಿ ಆಕೆಯ ಪಕ್ಕ ಕೂತರು. ಎರಡು ಸಲ ಕೊಟ್ಟಿರಬಹುದೇ ಎಂದು ಆಸ್ಪತ್ರೆಯವರು ಕೇಳಿದ್ದರು. ಕೊಟ್ಟಿರಬಹುದು ಎಂದು ಈಕೆ ಒಪ್ಪಿಕೊಂಡು ಬಂದಿದ್ದಳು.

"ಯಾಕ ಹಂಗಂದಿ ಬೇ?"

"ಎರಡು ಸಲ ಕೊಡಾಕ ಬರ್ತಿತ್ತಾ ನಿನಗ ಅಂತ ಕೇಳ್ಯಾರ ಅನ್ಕೊಂಡೆ. ಇಂಜೆಕ್ಷನ್ ಮಾಡಾಕ ನನಗ ಚಲೋ ಬರ್ತೈತ್ರಿ. ಅದಕ್ಕ ಹೂಂ ಅಂದೆ. ನೀವ ಕಲಿಸಿದ್ರಲ್ಲ ಮೇಡಂ, ಪ್ರಶ್ನೆ ಕುಡ್‌ಲಿಂದ ಶುರುವಾದ್ರ ಉತ್ತರಾನೂ ಕುಡ್‌ಲೇ ಕೊಡಬೇಕು ಅಂತ."

ಆಮೇಲೆ ಇನ್ನೊಂದು. ತಾನು ಕೊಟ್ಟದ್ದು ಒಂದೇ ಸಲ ಎಂದು ಹೇಳಲು ಆಕೆ, ಮೇಡಂ ಕಲಿಸಿದಂತೆಯೇ, ಓನ್ಲಿಯನ್ನು ಸರಿಯಾದ ಜಾಗದಲ್ಲಿ ಕೂರಿಸಿ, "ಐ ಓನ್ಲಿ ಗೇವ್ ಇಟ್ ಒನ್ಸ್" ಎಂದಳಂತೆ. ನಮ್ಮ ಕಡೆ ಇಂಗ್ಲಿಷ್ ಆಡುವವರಿಗೆಲ್ಲ 'ಐ ಓನ್ಲಿ' ಎಂದರೆ 'ನಾನೇ'. ನಾನೇ ಕೊಟ್ಟೆ ಎಂದಷ್ಟೇ ಕೇಳಿಸಿಕೊಂಡ ಆ ಕೋಣೆ, ಕೊನೆಯ ಪದಕ್ಕೆ ಕಿವಿಗೊಡಲಿಲ್ಲ.

ಸೂಗಮ್ಮ ಅಂದು ಲಿಂಗಸುಗೂರಿನ ಬಸ್ಸು ಹತ್ತಲಿಲ್ಲ. ತಾಯಿ ಮಗಳನ್ನು ಕರೆದುಕೊಂಡು ಸಿಂಧನೂರಿನ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಒಳಗೊಳಗೇ ಸಿಟ್ಟು. ಆ ಸಿಟ್ಟು ಯಾರ ಮೇಲಿನದು ಎಂದು ಅವರಿಗೇ ಬೇರ್ಪಡಿಸಲು ಬರುತ್ತಿರಲಿಲ್ಲ. ಹಳ್ಳಿಯ ಹುಡುಗಿಯನ್ನು ನಿಲ್ಲಿಸಿ ಪರಭಾಷೆಯಲ್ಲಿ ಬಲೆ ಬೀಸಿದವರ ಮೇಲೆ ಹೌದು; ಆದರೆ, ವಾಕ್ಯ ಸರಿಯಾದರೆ ಸಾಕು ಎಂದು ಮಕ್ಕಳ ನಾಲಗೆಯನ್ನು ಪಳಗಿಸಿ, ಕೇಳಿದ್ದು ತಿಳಿಯದಿದ್ದರೆ ತಡೆದು ಕೇಳು ಎಂಬುದನ್ನೇ ಕಲಿಸದೆ ಬಿಟ್ಟ ತನ್ನ ಮೇಲೆ ಇನ್ನೂ ಹೆಚ್ಚು.

ಆಸ್ಪತ್ರೆಯ ಆಡಳಿತಾಧಿಕಾರಿ ಪಂಪಾಪತಿ ತಂಪು ಕೋಣೆಯಲ್ಲಿ ಕೂತಿದ್ದರು. "ಹುಡುಗಿನ ಒಪ್ಕೊಂಡಾಳ್ರಿ ಮೇಡಂ. ನಾವೇನ್ ಮಾಡೂಣು?"

"ಏನಂತ ಒಪ್ಕೊಂಡಾಳ್ರಿ?"

"ಐ ಕುಡ್ ಅಂದಾಳ."

"ನೀವೂ ಈಗ ಈ ಕುರ್ಚಿಯಿಂದ ಎದ್ದು ನನ್ನ ಹೊಡೀಬಹುದು. ಐ ಕುಡ್ ಅಂತೀರಿ. ಹೊಡೆದಂಗಾತೇನ್ರಿ?"

ಪಂಪಾಪತಿ ನಗಲು ನೋಡಿದರು. ಎದುರಿನ ಮುಖ ನೋಡಿ ನಿಲ್ಲಿಸಿದರು. "ನಮ್ಮ ಕಾಲೇಜಿನ ಭಾಷಾ ಇಂಗ್ಲೀಷ್ ಐತ್ರಿ. ನಿಯಮ ಐತಿ."

"ಆ ಮುದುಕಗ ಮೈಯಾಗ ಹೆಂಗೈತಿ ಅಂತ ಇಕಿ ಯಾವ ಭಾಷಾದಾಗ ಕೇಳ್ತಿದ್ಲು?" ದನಿ ಎಷ್ಟು ಇಳಿದಿತ್ತೆಂದರೆ ಪಂಪಾಪತಿ ಮುಂದಕ್ಕೆ ಬಾಗಿ ಕೇಳಿಸಿಕೊಳ್ಳಬೇಕಾಯಿತು. "ಕನ್ನಡದಾಗ ಕೇಳ್ರಿ. ನನ್ನ ಮುಂದ ಕೇಳ್ರಿ. ಇಲ್ಲಾಂದ್ರ ನಾ ಇಲ್ಲಿಂದ ಏಳಂಗಿಲ್ಲ."

ಏಳಲೂ ಇಲ್ಲ. ಹೊರಗೆ ಜನ ಕಾಯುತ್ತಿದ್ದರು, ಫೋನು ಬಡಿದುಕೊಳ್ಳುತ್ತಿತ್ತು, ಹುಡುಗಿಯ ತಾಯಿ ನೆಲದ ಮೇಲೆ ಕೂತಿದ್ದಳು. ಪಂಪಾಪತಿ ಕೊನೆಗೆ ಬೇಸತ್ತೇ ಕೇಳಿದರು. "ಏನವ್ವಾ, ಎರಡು ಸಲ ಕೊಟ್ಟಿಯೇನು?"

"ಇಲ್ರೀ" ಎಂದಳು ಜ್ಯೋತಿ, ಒಂದು ಕ್ಷಣವೂ ತಡೆಯದೆ. "ನಾಷ್ಟಾಕ್ಕ ಮೊದಲ ಒಂದ ಸಲ ಕೊಟ್ಟೀನಿ. ಕೊಟ್ಟೀನಿ ಅಂತ ಡ್ಯೂಟಿಗೆ ಬಂದ ಸಿಸ್ಟರ್‌ಗೆ ಹೇಳೇ ಹೋಗೀನಿ. ಅವರು ಫೋನಿನ್ಯಾಗ ಮಾತಾಡಾಕತ್ತಿದ್ರು. ಹೂಂ ಅಂದ್ರು. ಕೇಳಿಸಿಕೊಂಡ್ರೋ ಇಲ್ಲೋ ನನಗ ಗೊತ್ತಿಲ್ರಿ."

ಆ ಸಿಸ್ಟರನ್ನು ಅದುವರೆಗೆ ಯಾರೂ ಏನೂ ಕೇಳಿರಲಿಲ್ಲ. ಕರೆಸಿದರು. ಬಂದ ಹೆಂಗಸು ಜ್ಯೋತಿಯ ಮುಖ ನೋಡಿದ್ದೇ ಬಾಗಿಲ ಬಳಿ ನಿಂತು, "ಕೊಟ್ಟಿಲ್ಲ ಅನ್ಕೊಂಡು ನಾನೂ ಕೊಟ್ಟೆ" ಎನ್ನುತ್ತ ಅಳತೊಡಗಿದಳು. ಸೂಗಮ್ಮ ಆಕೆಯ ಮೇಲೆ ಸಿಟ್ಟಾಗಲಿಲ್ಲ. ಒಂದು ಲೋಟ ನೀರು ಕೊಡಿಸಿದರು.

ಪಂಪಾಪತಿ, "ಆಯ್ತು ಬಿಡ್ರಿ. ನಾಳಿಂದ ಹುಡುಗಿ ಕ್ಲಾಸಿಗೆ ಬರಬಹುದು" ಎಂದರು.

"ಬರಬಹುದು? ಭಿಕ್ಷಾ ಹಾಕ್ತೀರೇನ್ರಿ? ಎಲ್ಲಾರ ಮುಂದ ಕಳ್ಳಿ ಹಂಗ ಹೊರಗ ಹಾಕೀರಿ. ಎಲ್ಲಾರ ಮುಂದನ ನೀವು ಕರೀಬೇಕು."

ಕರೆದರು. ಮರುದಿನ ತರಗತಿಯ ಬಾಗಿಲಲ್ಲಿ ನಿಂತು, ಅರ್ಧ ಬಾಯಲ್ಲಿ, ಗೋಡೆ ನೋಡುತ್ತ ಕರೆದರು. ಕ್ಷಮೆ ಕೇಳಲಿಲ್ಲ. ಸೂಗಮ್ಮನವರು ಆ ಮನುಷ್ಯನನ್ನು ಇಂದಿಗೂ ಮಾಫಿ ಮಾಡಿಲ್ಲ.

ಅಂದು ಮನೆಗೆ ಮರಳುವಾಗ ಸಿಂಧನೂರಿನ ಬಸ್ ನಿಲ್ದಾಣದಲ್ಲಿ ಯಮನೂರಮ್ಮ ಕಾಲಿಗೆ ಬೀಳಲು ಬಂದಾಗ ಅವರು ಗದರಿಬಿಟ್ಟರು. "ಕಾಲು ಬಿಡು. ನಾ ಅರ್ಧ ಪಾಠ ಹೇಳಿದ್ದಕ್ಕ ನಿನ್ನ ಮಗಳು ಜೇಲಿಗೆ ಹೋಗ್ತಿದ್ಲು." ಆ ತಾಯಿ ಏನೂ ತಿಳಿಯದೆ ಮಗಳ ಮುಖ ನೋಡಿದಳು. ಜ್ಯೋತಿ ತಲೆ ತಗ್ಗಿಸಿ ಮೇಡಂ ಅವರ ಚೀಲ ಹಿಡಿದುಕೊಂಡಳು.

ಈಗ ಅವರ ತರಗತಿಯಲ್ಲಿ ಹೊಸ ಕಟ್ಟಳೆಯೊಂದು ಬಂದಿದೆ. ಇಂಗ್ಲಿಷಿನ ಪ್ರಶ್ನೆಗೆ ಯಾರೂ ಕೂಡಲೇ ಉತ್ತರಿಸಕೂಡದು. ನೀವು ಕೇಳಿದ್ದು ಇದೇ ತಾನೇ ಎಂದು ಮೊದಲು ಕನ್ನಡದಲ್ಲಿ ತಿರುಗಿ ಕೇಳಬೇಕು. ಪಾಠ ಹಿಂದೆ ಬೀಳುತ್ತಿದೆ ಎಂದು ಪ್ರಾಚಾರ್ಯರ ದೂರು. ಬೀಳಲಿ ಎಂದು ಸೂಗಮ್ಮ.

ಇಂಥವರ ಜೊತೆ ಬದುಕುವುದು ಸುಲಭವಲ್ಲ. ಒಂದು ಪದ ಆಚೀಚೆಯಾದರೆ ಊಟ ಬಿಟ್ಟು ಏಳುತ್ತಾರೆ, ಮದುವೆ ಮನೆಯಲ್ಲೂ ಜಗಳ ತೆಗೆಯುತ್ತಾರೆ, ಬೀಗರ ಮುಂದೆ ಮನೆಯವರ ಮಾನ ಕಳೆಯುತ್ತಾರೆ. ಇಷ್ಟಕ್ಕೆಲ್ಲ ಯಾಕಿಷ್ಟು ಸಿಟ್ಟು ಎಂದು ಉಳಿದ ನಾವು ನಗುತ್ತೇವೆ, ಯಾಕೆಂದರೆ ನಮ್ಮ ಮಾತು ತಪ್ಪಿದರೂ ಎತ್ತಿ ಹಿಡಿಯಲು ನಮಗೆ ಮನೆತನವಿದೆ, ಜನವಿದೆ. ಹಾಗೆ ಎತ್ತಿ ಹಿಡಿಯುವವರು ಯಾರೂ ಇಲ್ಲದವರನ್ನು ಬಲ್ಲವರಿಗೆ ಮಾತ್ರ ಈ ಬಗೆಯ ಸಿಟ್ಟು ಬರುತ್ತದೆ. ಮತ್ತು ಅಂಥವರ ಸಿಟ್ಟಿನ ಮೊದಲ ಪೆಟ್ಟು, ಬಹಳ ಸಲ, ಯಾರಿಗೂ ಕಾಣದಂತೆ ಅವರ ಮೇಲೆಯೇ ಬಿದ್ದಿರುತ್ತದೆ.